ರಾಜಿಯ ಹಾಡು ಮತ್ತು ನನ್ನ ಪಂಚಮಿ

ಇದನ್ನು ಬರೆಯಲು ಕೂತರೆ ಇವತ್ತೂ ಅದೇ ಕಾಟ. "ವೈನಿ, ಜರಾ ಹೊರಗ ಕುಂಡ್ರಿ." ಅತ್ತಿಗೆಯನ್ನು ಹೀಗೆ ಹೊರಗೆ ಕೂರಿಸಿ ನನ್ನ ಮೈದುನ ರ‍್ಯಾಪ್ ಹಾಡುತ್ತಾನೆ, ಅದೂ ನನ್ನ ಕೋಣೆಯಲ್ಲಿ. ದನಿ ಗುಂಯ್ ಅನ್ನಬಾರದೆಂದು ನಾವು ಹೊದೆಯುವ ಕೌದಿಗಳನ್ನೆಲ್ಲ ಗೋಡೆಗೆ ಕಟ್ಟಿದ್ದಾನೆ. ಗೋಡೆ ಬೆಚ್ಚಗಿದೆ, ನಡುಗುವುದು ನಾನು ಮತ್ತು ಅವನನ್ನು ಕಾಕಾ ಎನ್ನುವ ನನ್ನ ಮಗಳು. ಗಂಡ ಸದಾ ಲಾರಿಯ ಮೇಲೆ, ಹೀಗಾಗಿ ಕೋಣೆ ಖಾಲಿ ಇದೆ ಎಂದು ಎಲ್ಲರ ತಿಳುವಳಿಕೆ. ಅದರಲ್ಲಿ ನಾನಿರುವುದು ಯಾರಿಗೂ ಕಾಣುವುದಿಲ್ಲ.

ಕುಣಿತ

ಜಗಳ ಶುರುವಾದದ್ದು ನನ್ನ ಮದುವೆಯಲ್ಲೇ. ತವರು ಹುಮನಾಬಾದ್, ಗಂಡನ ಮನೆ ಬಸವಕಲ್ಯಾಣ. ಮೆರವಣಿಗೆಯಲ್ಲಿ ಡಿಜೆ ಮುಂದೆ ಮೊದಲು ಯಾರು ಕುಣಿಯಬೇಕೆಂದು ನನ್ನ ತಮ್ಮನ ಗುಂಪಿಗೂ ಮೈದುನನ ಗುಂಪಿಗೂ ಬಡಿದಾಟ. ಒಬ್ಬನ ತಲೆಗೆ ಹೊಲಿಗೆ, ಇನ್ನೊಬ್ಬನಿಗೆ ಹಲ್ಲಿಲ್ಲ. ಅಂದಿನಿಂದ ತಮ್ಮ ನಮ್ಮ ಗಲ್ಲಿಗೆ ಕಾಲಿಟ್ಟಿರಲಿಲ್ಲ. ಅಣ್ಣನೋ ತಮ್ಮನೋ ಕರೆಯಲು ಬಾರದೆ ನಾಗರ ಪಂಚಮಿಗೆ ತವರಿಗೆ ಹೋಗುವುದು ನಮ್ಮ ಅತ್ತೆಗೆ ಸೇರದು. ಹೀಗಾಗಿ ಪ್ರತಿ ಪಂಚಮಿಗೂ ತವರಿಗೆ ಬಂದ ಪಕ್ಕದ ಮನೆಯ ಹುಡುಗಿಯರ ಜೋಕಾಲಿ ತೂಗುವುದು ನನ್ನ ಕೆಲಸ.

ಅಂದು ಡಿಜೆ ಮುಂದೆ ಕುಣಿದವನು ಜನರೇಟರ್ ನೋಡಿಕೊಳ್ಳುವವನೊಬ್ಬನೇ.

ಬೈಗುಳ

ಆಮೇಲೆ ತಮ್ಮ, ಮೈದುನ ಇಬ್ಬರೂ ಹೊಡೆದಾಟ ಬಿಟ್ಟು, ಮೊಬೈಲಿನಲ್ಲಿ ಹಾಡು ಕಟ್ಟಿ ಬೈದಾಡತೊಡಗಿದರು. ಹುಮನಾಬಾದಿನವರಿಗೆ ನಾಟುವಂಥದ್ದು ಹೇಳಿರೆಂದು ಮೈದುನ ಕೇಳಿದ. ಕೊಟ್ಟೆ: "ಗಲ್ಲಿಗೆಲ್ಲ ದಾದಾ, ಅಂಗಿ ಗುಂಡಿ ಹಚ್ಚಾಕ ಅವ್ವ ಬೇಕು." ಸಂಜೆ ತಮ್ಮನ ಫೋನು, ಅವನಿಗೆ ಬಸವಕಲ್ಯಾಣದವರಿಗೆ ನಾಟುವಂಥದ್ದು ಬೇಕು. ಕೊಟ್ಟೆ: "ಗಾಡಿ ಮ್ಯಾಲ ಹುಲಿ, ಹಲ್ಲಿ ಕಂಡ್ರ ವೈನಿನ್ನ ಕರೀತದ."

ಎರಡೂ ಊರಿನಲ್ಲಿ ಹುಡುಗರು ಭಾರಿ ಚುರುಕಾಗಿದ್ದಾರೆ ಎಂದರು. ನನಗೆ ಬರುತ್ತಿದ್ದ ಫೋನೆಲ್ಲ ಬೈಗುಳಕ್ಕೇ. ಇರಲಿ, ಫೋನಾದರೂ ಬರುತ್ತಿತ್ತು.

ಸೀಟಿ

ಕೊನೆಗೆ ಹವಾಲ್ದಾರರೊಬ್ಬರು ಇಬ್ಬರನ್ನೂ ಕೂರಿಸಿ, ಲಾಕಪ್ಪಿಗೆ ಬರುತ್ತೀರೋ, ಕೂಡಿ ಒಂದು ರಾಜಿಯ ಹಾಡು ಮಾಡುತ್ತೀರೋ ಎಂದು ಕೇಳಿದರು. ಹಾಡೇ ಸೈ ಎಂದರು. ಜಾಗ ನನ್ನ ಕೋಣೆ, ದಿನ ಪಂಚಮಿ. ನನ್ನ ತಮ್ಮ ಈ ಹೊಸ್ತಿಲು ದಾಟಿ ಬಂದು ಕರೆದೊಯ್ಯುತ್ತಾನೆಂದು ಹಿಂದಿನ ದಿನವೇ ಬ್ಯಾಗು ತುಂಬಿಟ್ಟೆ.

ಬಂದ. ಅತ್ತೆ ನೀರು ಕೊಟ್ಟರು. ಹುಡುಗರೆಲ್ಲ ಕೌದಿಗಳ ನಡುವೆ ಕೂತರು. ಬೈಯಲು ಬೇಕಾದಷ್ಟು ಮಾತಿದ್ದವು, ರಾಜಿಗೆ ಒಂದೂ ಇಲ್ಲ. ಕೊನೆಗೆ ತಮ್ಮ "ನಿಮ್ಮೂರು ಛಲೋ ಅದ" ಎಂದ. ಮೈದುನ "ನಿಮ್ದೂ" ಎಂದ. ಅಲ್ಲಿಗೆ ರಾಜಿಯ ಮಾತು ಮುಗಿಯಿತು. ಅಷ್ಟರಲ್ಲಿ ನನ್ನ ಕುಕ್ಕರ್ ಸೀಟಿ ಹೊಡೆಯಿತು. ಅದೇ ತಾಳಕ್ಕೆ ಹಾಡು ಎದ್ದಿತು.

ಈಗ ಎರಡೂ ಊರಿನವರು ಹಾಡಿನಲ್ಲಿ ಹೊಗಳುವುದು ಆ ಸೀಟಿಯೊಂದನ್ನೇ.

ಕರೆಯಲು ಬಂದವನು

ಹಾಡು ಮುಗಿದು ಅಪ್ಪಿಕೊಂಡರು, ಅತ್ತರು, ಫೋಟೋ ತೆಗೆದರು. ನಾನು ಒಳಗೆ ಹೋಗಿ ಹೊಸ ಸೀರೆ ಉಟ್ಟು, ಮಗಳಿಗೆ ಜಡೆ ಹಾಕಿ ಹೊರಗೆ ಬಂದೆ. ತಮ್ಮನೂ ಇಲ್ಲ, ಬೈಕೂ ಇಲ್ಲ, ಮೈದುನನೂ ಇಲ್ಲ. ಊಟದ ಹೊತ್ತಿಗೆ ಅವ್ವನ ಫೋನು. "ನಿನ್ನ ಮೈದುನ ಭಾರಿ ಸಂಭಾವಿತ ಅದಾನ. ಉಂಡಿ ಮ್ಯಾಲ ಉಂಡಿ ತಿನ್ನಾಕತ್ತಾನ. ಜೋಕಾಲಿ ಮ್ಯಾಲ ಕುಂಡ್ರಿಸೀವಿ."

ಹಿಂದಿನಿಂದ ತಮ್ಮನ ದನಿ. "ಅಕ್ಕಾ, ದೋಸ್ತಿ ಆಯ್ತು ನೋಡು."

ಅತ್ತೆಗೆ ಹೇಳಿದೆ. ಅವರಿಗೆ ಸಮಾಧಾನವೇ ಆಯಿತು. ಕರೆಯಲು ಬಂದ ಮೇಲೆ ಹೋಗಿದ್ದಾನಲ್ಲ, ತಪ್ಪೇನು ಎಂದರು.

ಹೊಸ್ತಿಲಲ್ಲಿ ಬ್ಯಾಗಿನ ಮೇಲೆ ಕೂತಿದ್ದ ಮಗಳು ನನ್ನ ಸೆರಗು ಎಳೆದಳು.

"ಅವ್ವಾ, ಮಾಮಾ ಕರಿಯಾಕ ಬಂದಿದ್ದು ನಿನಗೋ, ಕಾಕಾಗೋ?"