ರಾಯರ ಓಣಿಗೆ ಬಂದ ಯಂತ್ರ

ತೆಲಂಗಾಣದ ಗದ್ವಾಲಿನಲ್ಲಿ ಕೋಟೆ ಹಿಂದಿನ ಓಣಿಯಲ್ಲಿದ್ದ ವಾದೀಂದ್ರರಾಯರಿಗೆ ನಿವೃತ್ತಿಯ ನಂತರ ಉಳಿದದ್ದು ಒಂದೇ ಸಂಕಟ: ಎದುರುಮನೆ ಹುಸೇನಮ್ಮನ ಗಂಟಲು. ನಳದಲ್ಲಿ ನೀರು ದಿನಾ ಬೆಳಿಗ್ಗೆ ಬರುತ್ತಿತ್ತು, ಆದರೆ ಇಂಥದೇ ಹೊತ್ತಿಗೆ ಎಂದಿರಲಿಲ್ಲ. ಬಂದ ಕೂಡಲೇ ಆಕೆ ಓಣಿಯ ನಡುವೆ ನಿಂತು "ನೀಳ್ಳೊಚ್ಚಿನಯ್!" ಎಂದು, ನೀರು ಬಂತೆಂಬುದನ್ನು ತೆಲುಗಿನಲ್ಲಿ ಒದರಿದರೆ ಇಪ್ಪತ್ತು ಮನೆಯ ಕೊಡಗಳು ಹೊರಬೀಳುತ್ತಿದ್ದವು. ರಾಯರ ಬೆಳಗಿನ ಸವಿನಿದ್ದೆಯೂ ಅವುಗಳ ಜೊತೆಗೇ ಹೋಗುತ್ತಿತ್ತು.

ಹೀಗಿರಲು ರಾಯರು ಹೈದರಾಬಾದಿನಲ್ಲಿ ಸ್ಮಾರ್ಟ್ ಸಿಟಿಯ ಮೇಲೊಂದು ಭಾಷಣ ಕೇಳಿ ಬಂದರು. (ಹೋಗಿದ್ದು ಮೊಣಕಾಲು ತೋರಿಸಲು. ಡಾಕ್ಟರು ತಡಮಾಡಿದ್ದರಿಂದ ಪಕ್ಕದ ಸಭಾಂಗಣದ ಫ್ಯಾನಿನಡಿ ಕುಳಿತಿದ್ದರು.) ನಗರ ಮಾನವೀಯವಾಗಿರಬೇಕು, ನೀರು ಉಳಿಸಬೇಕು, ಮನೆ ಮನೆಗೂ ಸಂಪರ್ಕವಿರಬೇಕು! ರಾಯರು ಮೊಣಕಾಲನ್ನೇ ಮರೆತರು.

ವಾರದೊಳಗೆ ರಾಯರು ತರಿಸಿದ ಒಂದು ಯಂತ್ರ ಓಣಿಯ ಪೈಪಿಗೆ ಬಂದು ಕೂತಿತು. ನೀರು ಬಂದರೆ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ಫೋನಿಗೂ ಸಂದೇಶ. ನಳ ತೆರೆದಿಟ್ಟು ಕಾಯುವುದು ನಿಷಿದ್ಧ. ಕೂಗುವುದಂತೂ ಘೋರ ಶಬ್ದಮಾಲಿನ್ಯ.

"ಹುಸೇನಮ್ಮ, ಇನ್ನ ನೀ ಒದರೋದು ಬಂದ್," ಎಂದರು ರಾಯರು.

"ಚೊಲೋ ಆತ್ ಬಿಡ್ರಿ ರಾಯ್ರ. ನನ್ ಗಂಟ್ಲಾನೂ ರಿಟೈರ್ ಆತು," ಎಂದು ಆಕೆ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು.

"ಮಂದಿ ಮಾತಾಡೋದು ನಿಲ್ಲಿಸೋದು ಅದೆಂಥಾ ಮಾನವೀಯ ರೀ?" ಎಂದು ಹೆಂಡತಿ ವಿಜಯಾಬಾಯಿ ಕೇಳಿದರು.

"ನಿನಗ ಟೆಕ್ನಾಲಜಿ ತಿಳಿಯೂದಿಲ್ಲ, ಸುಮ್ನಿರು."

ಆಮೇಲೆ ಏಕಾದಶಿ ಬಂತು. ರಾಯರದು ಹನಿ ನೀರೂ ಮುಟ್ಟದ ಉಪವಾಸ. ಮರುದಿನ ಬೆಳಿಗ್ಗೆ ಏಳೂ ಹತ್ತರೊಳಗೆ ಉಪವಾಸ ಮುರಿದು ಪಾರಣೆ ಮಾಡಬೇಕು. ಅಡುಗೆಗೆ ಹಿಂದಿನ ದಿನದ ನೀರು ನಡೆಯದು. ಮಡಿಯುಟ್ಟವರೇ ನಳದಡಿ ಕೊಡ ಹಿಡಿಯಬೇಕು. ಆ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮಿಂದು ಮಡಿಯುಟ್ಟು ಸಿದ್ಧರಾದರು. ಗೂಡಿನಲ್ಲಿದ್ದ ಫೋನು 'ಟುಂಗ್' ಎಂದಿತು.

"ರೀ, ಫೋನ್ ಬಡಕೊಳ್ಳಿಕತ್ತದ."

"ಮಡಿಯೊಳಗ ಹ್ಯಾಂಗ ಮುಟ್ಟಲಿ? ಗುಡ್ ಮಾರ್ನಿಂಗ್ ಇರ್ತಾವ, ಬಿಡು."

(ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಮೂವತ್ತು ಗುಲಾಬಿ ಅರಳುತ್ತಿದ್ದವು. ಅದರಲ್ಲಿ ಹತ್ತು ರಾಯರದೇ.)

ಏಳಕ್ಕೆ ಕಾಲು ಗಂಟೆಯಿದ್ದಾಗ ಹೊಟ್ಟೆ ತಾಳಲಾರದೆ ನಳ ತಿರುಗಿಸಿದರು. ಬರೀ ಗಾಳಿ ಬಂತು. ಹೊರಗೋಡಿ ನೋಡಿದರೆ ಓಣಿಯೆಲ್ಲ ಒದ್ದೆ, ಎಲ್ಲರ ಕಟ್ಟೆಯ ಮೇಲೂ ತುಂಬಿದ ಕೊಡಗಳು.

"ಇವರಿಗೆಲ್ಲ ಹ್ಯಾಂಗ ಗೊತ್ತಾತು?" ಎಂದರು ರಾಯರು.

"ಫೋನ್ ನೋಡಲಾರದವ್ರ ಕದ ತಟ್ಟಿದೆ ರೀ," ಎಂದಳು ಹುಸೇನಮ್ಮ.

"ನಮ್ಮ ಕದ?"

"ಮಷೀನ್ ತಂದವ್ರಿಗೆ ನಾ ಏನ್ ಹೇಳಾಕ ಬರ್ಲಿ? ಮತ್ತ ಸಪ್ಪಳ ಆಕೈತಲ್ರಿ."

ವಿಜಯಾಬಾಯಿ ಗಂಡನ ಅಂಗೈಗೆ ಒಂದು ಉದ್ಧರಣೆ ತೀರ್ಥ, ಒಂದು ದಳ ತುಳಸಿ ಹಾಕಿದರು. "ಪಾರಣಿ ಆತು. ಅಡಿಗಿ ನಾಳೆ, ನೀರು ಬಂದಮ್ಯಾಲೆ." ಅಂದು ಇಡೀ ಓಣಿಯ ಒಗ್ಗರಣೆ ರಾಯರ ಮನೆಯ ಕಿಟಕಿಯಿಂದಲೇ ಹಾಯ್ದು ಹೋಯಿತು. ಪಾಪ, ಅವರಿಗೆ ಅಳುವೇ ಬಂತು.

ಸಂಜೆ ಹುಸೇನಮ್ಮ ಇನ್ನೊಂದು ಸುದ್ದಿ ಹೇಳಿದಳು. ಮಗಳ ಬಾಣಂತನಕ್ಕೆ ನಾಳೆ ಮಕ್ತಲಕ್ಕೆ ಹೊರಟಿದ್ದಾಳೆ, ಬರುವುದು ಮೂರು ತಿಂಗಳಿಗೆ. ಇನ್ನು ಕದ ತಟ್ಟುವವರು ಯಾರು? ಓಣಿಯ ಹೆಂಗಸರು ಸಭೆ ಸೇರಿ ಐದೇ ನಿಮಿಷದಲ್ಲಿ ತೀರ್ಮಾನಿಸಿದರು. ವಿಜಯಾಬಾಯಿ ತೀರ್ಪನ್ನು ಮನೆಗೆ ತಂದರು: "ಇನ್ನ ಒದರೋ ಪಾಳಿ ನಿಮ್ದು. ಒದರಿದ್ರ ಅಡಿಗಿ, ಇಲ್ಲಾಂದ್ರ ತುಳಸಿ."

ಮರುದಿನ ಬೆಳಿಗ್ಗೆ ನಳ ಗುರುಗುಟ್ಟಿತು. ಹಸಿದ ಹೊಟ್ಟೆಯ ರಾಯರು ಒದ್ದೆ ಪಂಚೆಯಲ್ಲಿ ಓಣಿಯ ನಡುವೆ ನಿಂತು, ಕಣ್ಣು ಮುಚ್ಚಿ, "ನೀಳ್ಳೊಚ್ಚಿನಯ್!" ಎಂದರು.

ಚೀಲ ಹಿಡಿದು ಬಸ್ಸಿಗೆ ಹೊರಟಿದ್ದ ಹುಸೇನಮ್ಮ ತಿರುಗಿ ನಿಂತಳು.

"ಇನ್ನಷ್ಟು ಗಟ್ಟಿಗ ರಾಯ್ರ! ಕೊನಿ ಮನಿಗೆ ಕೇಳಿಸವಲ್ದು."