ಮೈದುನನ ಮಷೀನಿನಲ್ಲಿ ಜಾಗವಿಲ್ಲ

ನನ್ನ ಮೈದುನ ಹುಟ್ಟಿದ ಮೇಲೆ ಬಿಸಾಡಿದ್ದು ಒಂದೇ ಒಂದು ವಸ್ತು, ಅವನ ಹಾಲುಹಲ್ಲು. ಅದನ್ನೂ ಮಾಳಿಗೆಯ ಮೇಲೆ ಎಸೆದು, ಮರುದಿನ ಏಣಿ ಹಾಕಿ ಹತ್ತಿ ಹುಡುಕಿ ತಂದನಂತೆ! ಹೀಗೆಂದು ಹೇಳಿದವಳು ನಮ್ಮ ಅತ್ತೆ. ನಮ್ಮ ಅತ್ತೆ ಬಹಳ ಸುಳ್ಳು ಹೇಳುತ್ತಿದ್ದಳು, ಆದರೆ ಇದು ಸುಳ್ಳಲ್ಲ. ಆ ಹಲ್ಲು ಇವತ್ತಿಗೂ ಅವನ ಟ್ರಂಕಿನಲ್ಲಿ, ಕುಂಕುಮದ ಡಬ್ಬಿಯಲ್ಲಿ ಇದೆ. ನಾನೇ ಕಣ್ಣಾರೆ ನೋಡಿದ್ದೇನೆ.

ಅವನು ಮದುವೆಯಾಗಿಲ್ಲ. ಆಗಿದ್ದರೂ ಹೆಂಡತಿಯನ್ನು ಎಲ್ಲಿ ಇಡುತ್ತಿದ್ದ? ಅವನ ಕೋಣೆಯಲ್ಲಿ ಕಡ್ಡಿ ಮುರಿದ ಕೊಡೆಗಳು, ಸುಟ್ಟ ಬಲ್ಬುಗಳು, ಲಗ್ನಪತ್ರಿಕೆಗಳು. ಆ ಪತ್ರಿಕೆಗಳ ಮದುಮಕ್ಕಳು ಈಗ ಅಜ್ಜ ಅಜ್ಜಿ ಆಗಿದ್ದಾರೆ. ಒಮ್ಮೆ ಅಲ್ಲಿ ಒಂದೇ ಒಂದು ಚಪ್ಪಲಿ ಕಂಡಿತು.

"ಇದರ ಜೋಡಿ ಎಲ್ಲಿ ಹೋತೋ?" ಎಂದೆ.

"ಹೊಳ್ಯಾಗ ಹರಕೊಂಡ ಹೋತ್ರಿ ವೈನಿ."

"ಮತ್ತ ಇದನ್ಯಾಕ ಇಟಗೊಂಡೀ?"

"ಅದು ಹೊಳ್ಳಿ ಬಂದ್ರ?"

ಇಂಥ ಮನುಷ್ಯನ ಕೈಗೆ ನಮ್ಮ ಸಾವಕಾರರು ರೈಸ್‌ಮಿಲ್ಲಿನ ದೊಡ್ಡ ಕಂಪ್ಯೂಟರ್ ಕೊಟ್ಟರು! ಯಾರಿಗೆ ಏನು ಕೊಡಬೇಕೆಂಬ ಅಂದಾಜು ಸಾವಕಾರರಿಗೆ ಇರುವುದಿಲ್ಲ, ಬಿಡಿ.

ಮಿಲ್ಲು ಇರುವುದು ಗಂಗಾವತಿಯ ಹೊರಗೆ. ನಾನು ಅಲ್ಲಿನ ಆಫೀಸಿನಲ್ಲಿ ಕಸ ಹೊಡೆಯುತ್ತೇನೆ, ಚಹಾ ಮಾಡುತ್ತೇನೆ. ನಮ್ಮ ಯಜಮಾನರು ಗೇಟಿನ ಹತ್ತಿರದ ಕಾಟಾದಲ್ಲಿ ಇದ್ದರು. ಭತ್ತದ ಲಾರಿಗಳನ್ನು ತೂಗಿ, ತೂಕವನ್ನು ಅಲ್ಲಿನ ಕೀಲಿಮಣೆಯಲ್ಲಿ ಒತ್ತುವುದು ಅವರ ಕೆಲಸ. ಒತ್ತಿದ್ದೆಲ್ಲ ತಂತಿಯೊಳಗೆ ಹಾದು ಆಫೀಸಿನ ಒಳಕೋಣೆಯ ಕರಿ ಪೆಟ್ಟಿಗೆಗೆ ಹೋಗುತ್ತಿತ್ತು. ಅದು ನನ್ನ ಸೊಂಟದೆತ್ತರ ಇದೆ, ಸರ್ವರ್ ಅನ್ನುತ್ತಾರೆ. ಇಪ್ಪತ್ತು ವರ್ಷ ದಾಟಿದೆ. ಪರದೆಯ ಮೇಲೆ ಹಸಿರು ಅಕ್ಷರ ಬಿಟ್ಟರೆ ಬೇರೆ ಬಣ್ಣ ಅದಕ್ಕೆ ಗೊತ್ತಿಲ್ಲ.

ಇಡೀ ಮಿಲ್ಲಿನಲ್ಲಿ ಆ ಪೆಟ್ಟಿಗೆಗೆ ಮಾತ್ರ ಏಸಿ. ಬೇಸಿಗೆಯಲ್ಲಿ ಹಮಾಲರು ಏನಾದರೊಂದು ನೆವ ಮಾಡಿಕೊಂಡು ಒಳಗೆ ಬರುತ್ತಿದ್ದರು. ಮೈದುನ ಬಾಗಿಲಲ್ಲಿ ನೀರಿನ ಕೊಡ ಇಟ್ಟು, "ಕಾಲು ತೊಕ್ಕೊಂಡು ಬರ್ರಿ, ಧೂಳು ಆಗಿಬರಂಗಿಲ್ಲ" ಅನ್ನುತ್ತಿದ್ದ. ಒಮ್ಮೆ ಸಾವಕಾರರೇ ಬಂದರು. ಅವರಿಗೂ ಅದೇ ಮಾತು. ಅವರು ಕಾಲು ತೊಳೆದು ಒಳಗೆ ಹೋಗಿ, ಯಾಕೆ ಬಂದಿದ್ದೆ ಎಂಬುದನ್ನು ಮರೆತು ಹೊರಗೆ ಬಂದರು!

ಈಗ ರೇಡಿಯೋದ ಕಥೆ. ಇದರಲ್ಲಿ ನನ್ನದೇ ತಪ್ಪು, ಮೊದಲೇ ಹೇಳಿಬಿಡುತ್ತೇನೆ.

ಮೈದುನ ಆಗ ನಮ್ಮ ಮನೆಯಲ್ಲೇ ಇದ್ದ. ಅವನ ಹತ್ತಿರ ಅವನಪ್ಪನ ಕಾಲದ ಒಂದು ರೇಡಿಯೋ ಇತ್ತು. ಅದು ಮಾತಾಡಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ಕೇಳಿಲ್ಲ. ಒಂದು ಪಂಚಮಿಯ ಮುಂದೆ ಮನೆ ಸಾರಿಸುವಾಗ ಓಣಿಯಲ್ಲಿ ಹಳೇ ಸಾಮಾನಿಗೆ ಪ್ಲಾಸ್ಟಿಕ್ ಸಾಮಾನು ಕೊಡುವವಳು ಕೂಗಿದಳು. ರೇಡಿಯೋ ಕೊಟ್ಟೆ, ನೀಲಿ ಬಕೆಟ್ಟು ತೆಗೆದುಕೊಂಡೆ. ಒಳ್ಳೆಯ ಬಕೆಟ್ಟು.

ಸಂಜೆ ಮೈದುನ ಬಂದು ಗೋಡೆಯ ಗೂಡು ನೋಡಿದ. ನನ್ನನ್ನು ಏನೂ ಅನ್ನಲಿಲ್ಲ. ಅಣ್ಣನ ಕಡೆ ತಿರುಗಿದ. ನಮ್ಮ ಯಜಮಾನರು ನಕ್ಕು, "ಕಸ ಹೋತು ಬಿಡೋ" ಅಂದರು.

ಅಷ್ಟೇ. ಮೂರು ಮಾತು. ಮೈದುನ ಟ್ರಂಕು ಹೊತ್ತುಕೊಂಡು ಮಿಲ್ಲಿನ ಹಿಂದಿನ ಕೋಣೆಗೆ ಹೋದ. ಅಣ್ಣನ ಜೊತೆ ಮಾತು ಬಿಟ್ಟ, ನಮ್ಮ ಮನೆಯ ಹೊಸ್ತಿಲು ತುಳಿಯುವುದನ್ನೂ ಬಿಟ್ಟ. ಬಕೆಟ್ಟು ತೆಗೆದುಕೊಂಡವಳು ನಾನು, ಮುನಿಸು ಅವರ ಮೇಲೆ. ಇದು ಎಲ್ಲಿಯ ನ್ಯಾಯ?

ಆಮೇಲೆ ನನ್ನ ಗತಿ ಕೇಳಿ! ಒಬ್ಬ ಕಾಟಾದಲ್ಲಿ, ಒಬ್ಬ ಏಸಿಯಲ್ಲಿ, ನಡುವೆ ಐವತ್ತು ಹೆಜ್ಜೆ. ಅಷ್ಟು ದೂರವನ್ನು ದಿನಕ್ಕೆ ಹತ್ತು ಸಲ ತುಳಿದವಳು ನಾನು.

"ವೈನಿ, ಕಾಟಾದವ್ರಿಗೆ ಹೇಳ್ರಿ, ಲಾರಿ ನಂಬರ್ ತಪ್ಪು ಒತ್ಯಾರ."

ನಾನು ಹೋಗಿ ಹೇಳಿದರೆ ಇವರು, "ಕಂಪ್ಯೂಟರಿನವ್ರಿಗೆ ಹೇಳು, ಕಣ್ಣ ತಕ್ಕೊಂಡು ನೋಡು ಅಂತ."

ಒಂದು ದಿನ ನನಗೆ ಸಾಕಾಗಿ ನಡುವೆ ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟೆ. ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು ನನಗೇ ಕೂಗತೊಡಗಿದರು. ಒಬ್ಬರ ಕೂಗು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ಪ್ರತಿ ಮಾತಿಗೂ "ಏನಂದ್ರು ವೈನಿ?", "ಏನಂದಾ ಅಂವಾ?" ಎಂದು ನನ್ನನ್ನೇ ಕೇಳಿದರು! ಲಾರಿ ಡ್ರೈವರುಗಳು ಸಾಲಾಗಿ ನಿಂತು ನಕ್ಕರು.

ಮೈದುನನ ಊಟ ಮಾತ್ರ ನಮ್ಮ ಮನೆಯದೇ. ದಿನಾ ಡಬ್ಬಿ ಒಯ್ಯುತ್ತಿದ್ದೆ. ರೊಟ್ಟಿಯ ಮೇಲೆ ಅವನಿಗೆ ಮುನಿಸು ಇರಲಿಲ್ಲ.

ಯಜಮಾನರಿಗೂ ಆಮೇಲೆ ಏನೋ ಆಯಿತು. ದಿನಾ ಸಂಜೆ ಮನೆಗೆ ಬಂದು ಮುಖ ತೊಳೆಯುವ ಮೊದಲೇ ಕೇಳುವರು, "ಏನರ ಅಂದನೇನು ಅಂವಾ?"

"ಏನಂತಾನ? ಡಬ್ಬಿ ಖಾಲಿ ಮಾಡಿ ಕೊಟ್ಟಾನ."

"ಮತ್ತೇನೂ ಅನ್ನಲಿಲ್ಲಾ?"

"ಅನ್ನಲಿಲ್ಲ."

ಮರುದಿನ ಮತ್ತೆ ಅದೇ ಪ್ರಶ್ನೆ. ನನಗೆ ತಲೆ ಕೆಡುತ್ತಿತ್ತು. ಇನ್ನೊಂದು ಚಾಳಿ ಶುರುವಾಯಿತು. ರಜೆ ಸಿಕ್ಕರೆ ಸಾಕು, ಕುಷ್ಟಗಿ ಸಂತೆಗೆ, ಯಲಬುರ್ಗಾ ಸಂತೆಗೆ ಹೋಗುವರು. ಕೇಳಿದರೆ "ಕುರಿ ನೋಡಿ ಬರತೀನಿ" ಅನ್ನುವರು. ನಾಲ್ಕು ವರ್ಷ ಕುರಿ ನೋಡಿದರು. ಒಂದು ಬಾಲವನ್ನೂ ತರಲಿಲ್ಲ! ನಾನು ಬಾಯಿಗೆ ಬಂದಂತೆ ಬೈದಿದ್ದೇನೆ.

ಎರಡು ವರ್ಷದ ಹಿಂದೆ ಅವರು ಹೋದರು. ಕಾಟಾದಲ್ಲೇ, ಕುರ್ಚಿಯಲ್ಲಿ ಕುಳಿತಲ್ಲೇ. ಮೈದುನ ಹೆಣಕ್ಕೆ ಹೆಗಲು ಕೊಟ್ಟ. ಮನೆಯೊಳಗೆ ಬಂದು ಒಂದು ಗುಟುಕು ನೀರು ಕುಡಿಯಲಿಲ್ಲ. ನಾನೂ ಕರೆಯಲಿಲ್ಲ. ಕರೆದರೆ ಬರುವ ಜಾತಿಯಲ್ಲ ಅದು.

ಈಗ ಮಷೀನಿಗೆ ಬರೋಣ.

ಈ ಸಲದ ಸುಗ್ಗಿಯಲ್ಲಿ ಗೇಟಿನ ಹೊರಗೆ ಲಾರಿಗಳ ಸಾಲು ನಿಂತಾಗ ಮಷೀನು ಕೈ ಎತ್ತಿತು. ಗೇಟ್ ಪಾಸು ಒಂದು ಬಂದರೆ ಇನ್ನೊಂದು ಬರುವುದಿಲ್ಲ. ಅದರ ಹೊಟ್ಟೆಯಲ್ಲಿ ಡಿಸ್ಕು ಅಂತ ಇರುತ್ತದಂತೆ, ಕಾಳು ತುಂಬಿಡುವ ನಮ್ಮ ನೆಲದ ಹಗೇವು ಇದ್ದಂತೆ. ಹಗೇವು ತುಂಬಿದರೆ ಒಂದು ಕಾಳೂ ಒಳಗೆ ಹೋಗುವುದಿಲ್ಲ. ನೂರಕ್ಕೆ ತೊಂಬತ್ತಾರು ತುಂಬಿತ್ತು. ಮೈದುನ ಜ್ವರ ಬಂದ ಮಗುವಿನ ಅಪ್ಪನಂತೆ ಗಂಟೆಗೊಮ್ಮೆ ಹೊರಗೆ ಬಂದು, "ತೊಂಬತ್ತಾರು ಪಾಯಿಂಟ್ ಎರಡು" ಎಂದು ಹೇಳಿ ಮತ್ತೆ ಒಳಗೆ ಹೋಗುತ್ತಿದ್ದ.

ದೊಡ್ಡ ಸಾವಕಾರರು ಹಾಸಿಗೆ ಹಿಡಿದ ಮೇಲೆ ಮಿಲ್ಲು ನೋಡುವವಳು ಅವರ ಸೊಸೆ. ನಾವು ಸಣ್ಣ ಸಾವಕಾರ್ತಿ ಅನ್ನುತ್ತೇವೆ. ಓದಿದವಳು, ಕೆಟ್ಟವಳಲ್ಲ, ಆದರೆ ಮಾತು ಕೊಡಲಿ ಏಟು. ಅವಳು ಕಾಲು ತೊಳೆದುಕೊಂಡೇ ಒಳಗೆ ಬಂದಳು.

"ಕಾಕಾ, ಸೋಮವಾರತನಕ ಟೈಮ್ ಕೊಡತೀನಿ. ಅಷ್ಟರಾಗ ಜಾಗ ಮಾಡ್ರಿ. ಇಲ್ಲಾಂದ್ರ ಇದನ್ನ ಗುಜರಿಗೆ ಹಾಕಿ ಹೊಸಾದು ತರಸ್ತೀನಿ."

"ಮತ್ತ ನಾನು?"

"ನೀವು ಗೇಟಿನ್ಯಾಗ ಕುಂತು ಲಾರಿ ನಂಬರ್ ಬರಕೋರಿ."

ಮೈದುನನ ಮುಖ ಬಾಡಿದ ಹಾಗಲಕಾಯಿಯಾಯಿತು. ಆ ಪೆಟ್ಟಿಗೆ ಬಿಟ್ಟರೆ ಅವನಿಗೆ ಈ ಲೋಕದಲ್ಲಿ ಏನಿದೆ? ಒಂದು ಚಪ್ಪಲಿ, ಒಂದು ಹಲ್ಲು!

ಅವನು ಅಳಿಸಲು ಕುಳಿತ. ಬೆಳಗಿನಿಂದ ಮಧ್ಯಾಹ್ನದವರೆಗೆ ಯೋಚಿಸಿ ಒಂದು ಫೈಲು ಅಳಿಸಿದ. ಚಹಾ ಕುಡಿದ. ಮನಸ್ಸು ತಡೆಯಲಿಲ್ಲ, ನಕಲು ಇಟ್ಟಿದ್ದ ಟೇಪಿನಿಂದ ಅದನ್ನು ವಾಪಸು ತಂದ. ಸಾವಕಾರ್ತಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತಳು.

"ಇದು ಏನ್ರಿ?"

"ನೆಲ್ಲಿನ ತಳಿಗೋಳ ಯಾದಿರಿ."

"ಇದರಾಗಿನ ತಳಿ ಈಗ ಯಾರೂ ಹಚ್ಚಂಗಿಲ್ಲ. ಅಳಸ್ರಿ."

"ನಾಳಿಗೆ ಯಾರರ ಹಚ್ಚಿದ್ರ?"

"ಇದು?"

"ಲಾರಿ ನಂಬರ್."

"ಈ ಲಾರಿ ಸುಟ್ಟು ಹೋಗಿ ಹತ್ತ ವರ್ಷ ಆತಲ್ರಿ!"

"ಲಾರಿ ಸುಟ್ಟೈತ್ರಿ, ನಂಬರ್ ಎಲ್ಲಿ ಸುಟ್ಟೈತಿ?"

ಅವಳು ಎದ್ದು ಬಂದು ನನ್ನ ಹತ್ತಿರ ಎರಡು ಕಪ್ಪು ಚಹಾ ಕುಡಿದಳು. "ಆಯೀ, ನಿಮ್ಮ ಮೈದುನನ್ನ ನೀವು ಹ್ಯಾಂಗ ತಡಕೊಂಡೀರಿ?" ಅಂದಳು. "ತಡಕೊಂಡಿಲ್ಲವ್ವಾ, ಒಂದು ಬಕೆಟ್ಟಿಗೆ ಮನಿ ಬಿಡಿಸೀನಿ" ಅಂದೆ.

ಶನಿವಾರ ಸಂಜೆಗೆ ತೊಂಬತ್ತೇಳು. ಅಳಿಸಲು ಕುಳಿತ ಮೇಲೆ ಹೆಚ್ಚಾಗಿತ್ತು!

ಭಾನುವಾರ ಲಾರಿ ಇರಲಿಲ್ಲ. ಮೈದುನನಿಗೆ ಡಬ್ಬಿ ಕೊಡಲು ಹೋದವಳು ಚಹಾಕ್ಕಿಟ್ಟೆ. ನನ್ನ ಒಲೆ ಇರುವುದು ಒಂದು ಹಳೆಯ ಪ್ರಿಂಟರಿನ ಮೇಲೆ. ಇಬ್ಬರು ಎತ್ತಬೇಕು, ಅಷ್ಟು ಭಾರ. ರೇಡಿಯೋ ಹೋದ ವರ್ಷವೇ, ಪಂಚಮಿಗಿಂತ ಸ್ವಲ್ಪ ಮೊದಲು, ಇಲಿ ಅದರೊಳಗೆ ಮರಿ ಹಾಕಿ ಹಲ್ಲುಗಾಲಿ ಕೆಡಿಸಿತ್ತು. ಕೊಪ್ಪಳದಿಂದ ಬಂದ ರಿಪೇರಿಯವನು ಸಾಮಾನು ಸಿಗುವುದಿಲ್ಲವೆಂದು ಹೋದ. ಗೇಟ್ ಪಾಸಿಗೆ ಬೇರೆ ಸಣ್ಣ ಪ್ರಿಂಟರ್ ಬಂತು. ಇದು ಒಲೆಗೆ ಹೇಳಿ ಮಾಡಿಸಿದ ಎತ್ತರ ಇತ್ತು.

ಹಾಲು ಕಾಯುವಾಗ ಸುಮ್ಮನೆ ಕೇಳಿದೆ. "ಅಲ್ಲೋ, ದಿನಾ ಸಂಜಿಕ ಇದರಾಗ ಹಾಸಿಗಿಯಷ್ಟು ಉದ್ದ ಕಾಗದ ಬರತಿತ್ತಲ್ಲ, ಕಾಟಾದ್ದು. ಅವೆಲ್ಲ ಈಗ ಎಲ್ಲಿ ಬರತಾವ?"

"ಎಲ್ಲೂ ಬರಂಗಿಲ್ಲ. ಪ್ರಿಂಟರ್ ರಿಪೇರಿ ಆಗೂಮಟ ತಡದು ಇಡು ಅಂತ ಮಷೀನಿಗೆ ಹೇಳೀನಿ. ಆಮ್ಯಾಲ ಎಲ್ಲಾ ಒಮ್ಮೆ ಛಾಪಿಸಿದ್ರಾತು."

"ಹೇಳಿ ಎಷ್ಟ ವರ್ಷಾತು?"

ಅವನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ.

ಓಡಿ ಒಳಗೆ ಹೋದ. ಅವತ್ತು ಕಾಲು ತೊಳೆಯಲಿಲ್ಲ, ನೀವು ನಂಬಬೇಕು! ನಾನೂ ಹಿಂದೆ ಹೋದೆ. ಪರದೆಯ ಮೇಲೆ ಹಸಿರು ಸಾಲುಗಳು ಏರುತ್ತಲೇ ಹೋದವು, ಹಿಟ್ಟಿನ ಗಿರಣಿಯ ಮುಂದೆ ಪಾಳಿಗಿಟ್ಟ ಡಬ್ಬಿಗಳಂತೆ. ಆರು ವರ್ಷದ ಸಂಜೆಗಳೆಲ್ಲ ಬಾರದ ಪ್ರಿಂಟರಿಗೆ ಕಾದು ಕುಳಿತಿದ್ದವು. ಡಿಸ್ಕು ತಿಂದಿದ್ದು ಇವೇ.

"ಇನ್ನೇನು, ಅಳಸು" ಅಂದೆ.

"ಓದದ ಹ್ಯಾಂಗ ಅಳಸ್ಲಿ?" ಅಂದ. ಅವನ ಹಣೆಬರಹ!

ಒಂದನ್ನು ತೆರೆದ. ಕಾಟಾದವರು ದಿನದ ಕೊನೆಗೆ ತೂಕ ಮುಗಿಸುವಾಗ ಕೆಳಗೆ ಷರಾ ಅಂತ ಒಂದು ಜಾಗದಲ್ಲಿ ಏನಾದರೂ ಬರೆಯಬೇಕು. ಅದು ಆ ಸಂಜೆಯ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ಈಗ ಇರುವ ಕಾಟಾದವನು 'ಓಕೆ' ಎಂದು ಬರೆದಿದ್ದ. ಇನ್ನೊಂದರಲ್ಲೂ ಓಕೆ, ಮತ್ತೊಂದರಲ್ಲೂ ಓಕೆ. ಇನ್ನೂ ಹಿಂದೆ ಹೋದ. ಎರಡು ವರ್ಷಕ್ಕಿಂತ ಹಿಂದೆ. ಅಲ್ಲಿ ನಿಂತ. ನನಗೆ ಕನ್ನಡ ಕೂಡಿಸಿ ಓದಲು ಬರುತ್ತದೆ, ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಆ ಮಷೀನಿಗೆ ಕನ್ನಡ ಬರುವುದಿಲ್ಲ. ಇವರು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ್ದರು.

"ಏನ ಬರದೈತಿ?" ಎಂದೆ.

ಅವನು ತಡೆದು ತಡೆದು ಓದಿದ. "'ಇವತ್ತು ಪುಂಡಿಪಲ್ಯ ಐತಿ. ಮನಿಗೆ ಬಾ.'"

ಇನ್ನೊಂದು. "'ಮಳಿ ಬರಾಕ್ಹತ್ತೈತಿ. ನಿನ್ನ ಕೋಲಿ ಸೋರತೈತಿ. ಬಾ.'"

ಇನ್ನೊಂದು. "'ಕುಷ್ಟಗ್ಯಾಗ ಅಂಥಾ ರೇಡಿಯೋ ಸಿಗಲಿಲ್ಲ. ಯಲಬುರ್ಗಾದಾಗ ನೋಡತೀನಿ.'"

ಕುರಿಯಂತೆ, ಕುರಿ!

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಯಜಮಾನರು ಆ ಏಸಿ ಕೋಣೆಗೆ ಕಾಲಿಟ್ಟವರಲ್ಲ. ಅವರ ಚಹಾ ಕಾಟಾಕ್ಕೇ ಹೋಗುತ್ತಿತ್ತು. ಪ್ರಿಂಟರ್ ಸತ್ತ ಸುದ್ದಿ ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಒಲೆ ಎಲ್ಲಿಟ್ಟಿದ್ದೇನೆಂದು ಯಾವ ಹೆಂಡತಿ ಗಂಡನಿಗೆ ವರದಿ ಕೊಡುತ್ತಾಳೆ? ತಮ್ಮ ದಿನಾ ಕಾಗದ ಹರಿದುಕೊಂಡು ಓದುತ್ತಾನೆ, ಓದಿಯೂ ಸುಮ್ಮನಿದ್ದಾನೆ ಅಂದುಕೊಂಡೇ ಅವರು ನಾಲ್ಕು ವರ್ಷ ಬರೆದರು. ಬಾಯಿ ಬಿಟ್ಟು ಕರೆಯಲು ಇವರಿಗೆ ಸೊಕ್ಕು. ಕರೆಯದೆ ಹೋಗಲು ಅವನಿಗೆ ಸೊಕ್ಕು. ಅಣ್ಣತಮ್ಮಂದಿರು ಅಂದರೆ ಸರಿ!

ಮೈದುನ ಒಂದೊಂದನ್ನೂ ಓದಿದ. ಮಧ್ಯಾಹ್ನ ಮುಗಿಯಿತು. ನಡುವೆ ಒಮ್ಮೆ ನಕ್ಕ, ಯಾಕೆಂದರೆ ಒಂದು ಕಡೆ 'ನಿನ್ನ ವೈನಿ ಇವತ್ತ ಸಾರಿಗೆ ಉಪ್ಪು ಮರತಾಳ, ಬರಬ್ಯಾಡ' ಎಂದಿತ್ತಂತೆ. ಕೊನೆಯದರಲ್ಲಿ ದೊಡ್ಡದೇನೂ ಇರಲಿಲ್ಲ. 'ಬದನಿಕಾಯಿ ಎಣಗಾಯಿ. ಬಾ.'

"ವೈನಿ, ಇವನ್ನ ಹ್ಯಾಂಗ ಅಳಸಲಿ? ಗೇಟಿನ್ಯಾಗ ಕುಂಡ್ರತೀನಿ ಬಿಡ್ರಿ."

"ಯಾರಿಗೆ ಬರದಿದ್ರು ಅವರು?" ಎಂದೆ.

"ನನಗ."

"ಮುಟ್ಟಿದ್ವಿಲ್ಲೋ ಈಗ?"

"ಮುಟ್ಟಿದ್ವು."

"ಮತ್ತ ಇನ್ನ ಯಾಕ ಕಾಯಬೇಕು ಅವು ಪಾಳಿ ಹಚ್ಚಿ?"

ಅವನು ಕುರ್ಚಿಯನ್ನು ಮುಂದೆ ಎಳೆದುಕೊಂಡ. ಆಮೇಲೆ ಒತ್ತಿದ. ನಾನು ಒತ್ತಲಿಲ್ಲ, ಸಾವಕಾರ್ತಿ ಒತ್ತಲಿಲ್ಲ, ಅವನೇ ಒತ್ತಿದ. ತೊಂಬತ್ತೇಳು ಇದ್ದದ್ದು ಇಳಿಯುತ್ತಾ ಇಳಿಯುತ್ತಾ ಐವತ್ತೆಂಟಕ್ಕೆ ನಿಂತಿತು. ಸೋಮವಾರ ಸಾವಕಾರ್ತಿ ಬಂದು ನೋಡಿ, "ಅಡ್ಡಿಯಿಲ್ಲ ಕಾಕಾ!" ಅಂದಳು. ಪೆಟ್ಟಿಗೆ ಉಳಿಯಿತು, ಕಾಲು ತೊಳೆಯುವ ಕೊಡವೂ ಉಳಿಯಿತು.

ಅದು ಸೋಮವಾರದ ಮಾತು. ಭಾನುವಾರ ಸಂಜೆಯೇ ನಮ್ಮ ಮನೆಯ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮೈದುನ. ಬಚ್ಚಲ ಹತ್ತಿರ ಹೋಗಿ ಕಾಲು ತೊಳೆದ. ಅಲ್ಲಿದ್ದ ನೀಲಿ ಬಕೆಟ್ಟನ್ನು ತಿರುಗಿಸಿ ನೋಡಿದ.

"ತಳ ಸೀಳೈತಲ್ರಿ ಇದು. ಒಗದ ಬಿಡ್ರಿ."

ಈ ಮಾತು ಈ ಬಾಯಿಂದ! ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದೆ. ಅಣ್ಣ ಕೂರುತ್ತಿದ್ದ ಜಾಗ ಬಿಟ್ಟು ಅದರ ಪಕ್ಕದಲ್ಲಿ ಕುಳಿತು ಉಂಡ. ಇನ್ನೊಂದು ರೊಟ್ಟಿ ಕೇಳಿದ. ಕೈ ತೊಳೆಯುವಾಗ ಒಂದು ಮಾತು ಆಡಿದ, ಹೋದ.

ನಾನು ತಾಟು ತೊಳೆದಿಟ್ಟು ಬಂದು ಕುಳಿತೆ. ಇವರು ಮುಖ ತೊಳೆಯುವ ಮೊದಲೇ ಕೇಳುತ್ತಿದ್ದರಲ್ಲ, ಏನರ ಅಂದನೇನು ಅಂತ.

ಅಂದಾನ್ರಿ. ಉಪ್ಪು ಕಡಿಮಿ ಆಗೇತಿ ಅಂದಾನ.