ಗಿಟಾರಿನ ಕತ್ತು, ಗುಮಾಸ್ತರ ಮೀಸೆ

ಗುಮಾಸ್ತರು ಆ ಮಾತನ್ನು ಆಡಬಾರದಿತ್ತು. ಆರು ತಿಂಗಳಿಂದ ಊಟದ ಮೇಜಿನ ಮೇಲೆ ಅವರು ಕೈಯಾರೆ ಮಾಡುತ್ತಿದ್ದ ಗಿಟಾರನ್ನು ಹೆಂಡತಿಯ ಅಣ್ಣ ಬೆರಳಲ್ಲಿ ತಟ್ಟಿ, "ಏನು ಭಾವ, ತೊಟ್ಟಿಲಾ?" ಎಂದು ಕೇಳಿದ್ದೇ ತಡ, ಅವರ ಪಿತ್ತ ನೆತ್ತಿಗೇರಿತು.

"ಬರೋ ಭಾನುವಾರ ಸಂಜೆ ಐದಕ್ಕೆ ಬನ್ನಿ. ಇದರ ಕತ್ತು ಸರಿಯಾಗಿ ಕೂತಿರದಿದ್ರೆ ನನ್ನ ಮೀಸೆ ಬೋಳಿಸ್ತೀನಿ. ಕೂತಿದ್ರೆ ನಿಮ್ಮದು!"

ಇಪ್ಪತ್ತೆರಡು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಅದು. ಕಚೇರಿಯಲ್ಲಿ ಅವರ ಸಹಿಗಿಂತ ಅದಕ್ಕೇ ಹೆಚ್ಚು ಬೆಲೆ.

ಭಾನುವಾರ ಬೆಳಗ್ಗೆ ಗುಮಾಸ್ತರು ಕತ್ತನ್ನು ಗಿಟಾರಿನ ಒಡಲಿಗೆ ಸಿಕ್ಕಿಸಿ, ಅದರ ಮೇಲೆ ಉದ್ದನೆಯ ಸ್ಟೀಲ್ ಪಟ್ಟಿ ಇಟ್ಟರು. ಪಟ್ಟಿಯ ತುದಿ, ತಂತಿ ಹೊರುವ ಬ್ರಿಡ್ಜಿನ ತಲೆಯನ್ನು ಸವರಿದಂತೆ ಮುಟ್ಟಬೇಕು. ಅದು ಕೆಳಗಿಳಿದು ಬ್ರಿಡ್ಜಿನ ಎದೆಗೆ ಗುದ್ದುತ್ತಿತ್ತು. ಅಂದರೆ ಕತ್ತು ಇನ್ನೂ ಸ್ವಲ್ಪ ಹಿಂದಕ್ಕೆ ವಾಲಬೇಕು. ಅದಕ್ಕೆ ಕತ್ತಿನ ಬುಡದ ಕೆಳಭಾಗ ಕೆತ್ತಬೇಕು. ಕೆತ್ತಿದರು, ಇಟ್ಟರು, ತೆಗೆದರು, ಮತ್ತೆ ಕೆತ್ತಿದರು. ಹನ್ನೊಂದರ ಹೊತ್ತಿಗೆ ಪಟ್ಟಿ ಸರಿಯಾಗಿ ತಲೆ ಮುಟ್ಟಿತು.

ಅಲ್ಲಿಗೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಗಾರೆ ಮೇಸ್ತ್ರಿ ಕಿಟಕಿಯಲ್ಲಿ ಇಣುಕಿದವನು ಕರೆಯದೆಯೇ ಒಳಗೆ ಬಂದ.

"ಪಟ್ಟಿಗಿಟ್ಟಿ ನಂಬಬೇಡಿ ಸಾರ್. ನಲವತ್ತು ಮನೆ ಕಟ್ಟಿದೀನಿ, ಒಂದೂ ವಾಲಿಲ್ಲ" ಎನ್ನುತ್ತ ಜೇಬಿನಿಂದ ರಸಮಟ್ಟ ತೆಗೆದು ಕತ್ತಿನ ಮೇಲಿಟ್ಟ. ಅದರ ಗಾಜಿನೊಳಗಿನ ಗುಳ್ಳೆ ಒಂದು ಬದಿಗೆ ಓಡಿತು. "ನೋಡಿ, ವಾಲಿದೆ!"

"ಆ ಮೇಜಿನ ಒಂದು ಕಾಲು ಗಿಡ್ಡ ಕಣ್ರೀ" ಎಂದು ಹೆಂಡತಿ ಒಳಗಿನಿಂದ ಕೂಗಿದಳು.

"ಮೇಜು ಸುಳ್ಳು ಹೇಳಬಹುದಮ್ಮ, ರಸಮಟ್ಟ ಹೇಳಲ್ಲ."

ಮೀಸೆ ಪಣಕ್ಕಿಟ್ಟವನ ಧೈರ್ಯ ಎಷ್ಟೆಂದು ಕೇಳಬೇಕೆ? ಗುಮಾಸ್ತರು ಮತ್ತೆ ಕೆತ್ತಲು ಕೂತರು. ಗುಳ್ಳೆ ಮಧ್ಯಕ್ಕೆ ಬಂದಾಗ ನಾಲ್ಕೂವರೆ. ಸಮಾಧಾನಕ್ಕೆಂದು ಪಟ್ಟಿ ಇಟ್ಟು ನೋಡಿದರೆ, ಅದು ಬ್ರಿಡ್ಜಿನ ಮೇಲೆ ಎರಡು ಕಾಗದದಷ್ಟು ಎತ್ತರದಲ್ಲಿ ತೇಲುತ್ತಿತ್ತು! ಕೆತ್ತಿದ್ದು ಅತಿಯಾಗಿತ್ತು.

"ಸಂದಿಗೆ ಒಂಚೂರು ಸಿಮೆಂಟ್ ಮೆತ್ತಿಬಿಡೋಣ" ಎಂದ ಮೇಸ್ತ್ರಿ.

"ಬಾಯಿ ಮುಚ್ಕೊಂಡು ಆ ಕ್ಲ್ಯಾಂಪ್ ಹಿಡ್ಕೋ!"

ಬುಡಕ್ಕೆ ಅಂಟು ಬಳಿದು, ತೆಳ್ಳನೆಯ ಮರದ ಸಿಪ್ಪೆಯೊಂದನ್ನು ಸಂದಿಗೆ ತೂರಿಸಲು ಗುಮಾಸ್ತರು ಮುಖವನ್ನೇ ಅಲ್ಲಿಗೆ ಒತ್ತಿ ಬಗ್ಗಿದರು. ಸಿಪ್ಪೆ ಕೈಜಾರಿ ಬಿತ್ತು. ಅದೇ ಕ್ಷಣಕ್ಕೆ ಮೇಸ್ತ್ರಿ, ಉಪಕಾರ ಮಾಡುವ ಉತ್ಸಾಹದಲ್ಲಿ, ಕತ್ತನ್ನು ಒಡಲಿಗೆ ಒತ್ತಿಹಿಡಿಯುವ ಕ್ಲ್ಯಾಂಪಿನ ತಿರುಪನ್ನು ಎರಡು ಸುತ್ತು ಬಿಗಿದ.

"ಅಯ್ಯಯ್ಯೋ, ಮೀಸೆ! ಮೀಸೆ!"

ಐದು ನಿಮಿಷದಲ್ಲಿ ಕಚ್ಚುವ ಅಂಟು. ಎಳೆದರೆ ತುಟಿಯೇ ಕಿತ್ತು ಬರುವಂತಿತ್ತು. ಹೆಂಡತಿ ಕತ್ತರಿ ತಂದು ಸಿಕ್ಕಿಕೊಂಡಿದ್ದ ಎಡ ಮೀಸೆಯನ್ನು ಕಚಕ್ಕೆಂದು ಕತ್ತರಿಸಿದಳು. ಗಂಡನ ಮುಖವನ್ನೊಮ್ಮೆ ನೋಡಿ, "ಅರ್ಧ ಇಟ್ಕೊಂಡು ಆಫೀಸಿಗೆ ಹೋಗ್ತೀರಾ?" ಎಂದು ಬಲಗಡೆಯದನ್ನೂ ತೆಗೆದಳು. ಆ ಕೆಲಸದಲ್ಲಿ ಅವಳಿಗೆ ತುಸು ಖುಷಿಯೇ ಇದ್ದಂತಿತ್ತು.

ಕಣ್ಣೊರೆಸಿಕೊಂಡು ಗುಮಾಸ್ತರು ಪಟ್ಟಿ ಇಟ್ಟರು. ಅದರ ತುದಿ ಬ್ರಿಡ್ಜಿನ ತಲೆಗೆ ಮುತ್ತಿಟ್ಟಂತೆ ಕೂತಿತು! ಸಂದಿಯಲ್ಲಿ ಸಿಕ್ಕ ಮೀಸೆ ಸರಿಯಾಗಿ ಎರಡು ಕಾಗದದಷ್ಟು ದಪ್ಪವಾಗಿತ್ತು.

"ಗೆದ್ದೆ ಕಣೇ!" ಎಂದು ಗುಮಾಸ್ತರು ಕುಣಿದರು.

ಬಾಗಿಲ ಗಂಟೆ ಮೊಳಗಿತು. ಒಳಗೆ ಕಾಲಿಟ್ಟ ಭಾವ ಗುಮಾಸ್ತರ ಬೋಳು ತುಟಿ ನೋಡಿ ಕೈಮುಗಿದರು.

"ಭಲೇ! ಸೋತ ತಕ್ಷಣ ಬೋಳಿಸಿಬಿಟ್ಟಿದೀರಿ. ಮನುಷ್ಯ ಅಂದ್ರೆ ಹೀಗಿರಬೇಕು!"

"ಸೋತಿಲ್ಲ ಭಾವ! ಕತ್ತು ಸರಿಯಾಗೇ ಕೂತಿದೆ. ಮೀಸೆ ಅದರೊಳಗಿದೆ!"

"ಒಳಗಿದೆಯಾ? ತೆಗೆದು ತೋರಿಸಿ, ನೋಡೋಣ."

ತೆಗೆದರೆ ಕತ್ತು ಕೆಡುತ್ತದೆ, ತೆಗೆಯದಿದ್ದರೆ ನಂಬುವವರಿಲ್ಲ. ಹೆಂಡತಿ ಅಣ್ಣನಿಗೆ ಕಾಫಿ ಮಾಡಲು ಆಗಲೇ ಒಳಗೆ ಹೋಗಿಯಾಗಿತ್ತು. ಗುಮಾಸ್ತರು ಉಳಿದೊಬ್ಬ ಸಾಕ್ಷಿಯತ್ತ ತಿರುಗಿದರು.

"ಮೇಸ್ತ್ರೀ, ನೀನಾದ್ರೂ ಹೇಳಪ್ಪ, ಕತ್ತು ಸರಿಯಾಗಿದೆ ಅಂತ!"

ಮೇಸ್ತ್ರಿ ಗಂಭೀರವಾಗಿ ಜೇಬಿಗೆ ಕೈಹಾಕಿ, ರಸಮಟ್ಟ ತೆಗೆದು, ಗಿಟಾರಿನ ಕತ್ತಿನ ಮೇಲಿಟ್ಟು, ಬಗ್ಗಿ ನೋಡಿದ.

"ವಾಲಿದೆ ಸಾರ್" ಎಂದ.